ನೆಗೆಣ್ಣಿಗೆ ಜಡಿ, ನನಗೆ ಬೀಸುಕಲ್ಲು

ಒಂದೇ ಒಲೆಗೆ ಇಬ್ಬರು ಸೊಸೆಯಂದಿರಿದ್ದ ಮನೆಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಡೆದ ಹೊತ್ತಿಗೆ ಮಾತ್ರ ಇಬ್ಬರಲ್ಲಿ ಒಬ್ಬಳಿಗೆ ನಗು ಬರುವುದಿಲ್ಲ. ನಮ್ಮ ಮನೆಯಲ್ಲಿ ಆ ಒಬ್ಬಳು ಯಾವಾಗಲೂ ನಾನೇ.

ನಮ್ಮೂರು ಜತ್ತ ಸೀಮೆಯಲ್ಲಿ, ಸಂಖದಿಂದ ತಿಕೋಂಡಿಯ ಕಡೆ ಹೋಗುವಾಗ ಸಿಗುತ್ತದೆ. ನಾನು ಜತ್ತದಲ್ಲಿ ಸೋದರಮಾವನ ಮನೆಯಲ್ಲಿದ್ದು ಹತ್ತನೆಯ ಇಯತ್ತೆಯವರೆಗೆ ಕಲಿತವಳು. ನನ್ನ ನೆಗೆಣ್ಣಿ, ಅಂದರೆ ನಮ್ಮ ಭಾವನವರ ಹೆಂಡತಿ, ಸಾಲೆಯ ಕಟ್ಟೆ ಹತ್ತಿದವಳಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ಮುಂದೆ ನಡೆದ ಯಾವುದರಲ್ಲೂ ನನ್ನ ಹತ್ತನೆಯ ಇಯತ್ತೆ ಕೆಲಸಕ್ಕೆ ಬರಲಿಲ್ಲ.

ಹಣಿಗೆ ಮುರಿದದ್ದು

ಜತ್ತ ಸಂಸ್ಥಾನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮರುವರ್ಷ ನೆಗೆಣ್ಣಿ ಒಂದು ತಿಂಗಳು ಚಳಿಜ್ವರದಲ್ಲಿ ಮಲಗಿದಳು. ತಲೆ ಬಾಚಲಿಲ್ಲ. ಜ್ವರ ಬಿಟ್ಟ ಮೇಲೆ ಅತ್ತೆ ಆಕೆಯನ್ನು ಮುಂದೆ ಕೂರಿಸಿಕೊಂಡು ಹಣಿಗೆ ಹಾಕಿದರು. ಹಣಿಗೆಯ ಮೂರು ಹಲ್ಲು ಮುರಿದು ಕೂದಲಲ್ಲೇ ಉಳಿದವು. ಹಿಂದಲೆಯೆಲ್ಲ ಗಂಟುಗಟ್ಟಿ, ಹೊಸೆದ ಐದು ಹಗ್ಗಗಳಂತಾಗಿತ್ತು. ನಾನಾಗಿದ್ದರೆ ಕತ್ತರಿ ತರುತ್ತಿದ್ದೆ. ಅತ್ತೆ ಕೈ ಮುಗಿದರು.

"ಯವ್ವಾ, ಜಡಿ! ದೇವಿ ಬಂದಾಳ ನಮ್ಮ ಮನಿಗಿ!"

ನಮ್ಮ ಕಡೆ ಹೆಣ್ಣುಮಗಳ ತಲೆಯಲ್ಲಿ ಹೀಗೆ ಜಡಿ ಬಿದ್ದರೆ ಅದನ್ನು ಬಿಡಿಸುವಂತಿಲ್ಲ, ಕತ್ತರಿಸುವಂತಿಲ್ಲ. ಭಂಡಾರದ ಅರಿಸಿನ ಹಚ್ಚಿ ಪೂಜೆ ಮಾಡುತ್ತಾರೆ. ಆಕೆ ಸೆಗಣಿ ಮುಟ್ಟಬಾರದು, ಎಂಜಲು ಎತ್ತಬಾರದು, ಬೀಸಬಾರದು ಎಂದು ಅತ್ತೆ ಅಲ್ಲೇ ಹೇಳಿಬಿಟ್ಟರು. ಅಂದಿನವರೆಗೆ ಬೀಸುಕಲ್ಲಿನ ಗೂಟವನ್ನು ಇಬ್ಬರೂ ಎದುರುಬದುರು ಕೂತು ಹಿಡಿಯುತ್ತಿದ್ದೆವು. ಮರುದಿನ ಬೆಳಿಗ್ಗೆಯೂ ಗೂಟದ ಮೇಲೆ ಎರಡು ಕೈ ಇದ್ದವು, ಎರಡೂ ನನ್ನವೇ.

ನನ್ನ ಕೂದಲೇನು ಕಡಿಮೆಯೇ? ಹೆಣ್ಣು ನೋಡಲು ಬಂದಾಗ ಇದೇ ಅತ್ತೆ ನನ್ನ ಹೆರಳನ್ನು ಗೇಣು ಹಾಕಿ ಅಳೆದು, "ಮೊಣಕಾಲಿಗಿ ಬರತೈತಿ" ಎಂದು ಬೀಗರ ಮುಂದೆ ಹೆಮ್ಮೆಪಟ್ಟಿದ್ದರು. ಹದಿನೆಂಟು ವರ್ಷ ಎಣ್ಣೆ ಹಾಕಿ ಬಾಚಿ ನಾನು ಸೊಸೆಯಾದೆ. ಆಕೆ ಒಂದು ತಿಂಗಳು ಬಾಚದೆ ದೇವಿಯಾದಳು.

ಜಡಿ ಒಣಗಿಸುವ ದಿನ

ಜಡಿ ಬಂದರೆ ಮುಗಿಯಲಿಲ್ಲ, ಅದನ್ನು ಕೂಸಿನಂತೆ ಸಾಕಬೇಕು. ಎಣ್ಣೆ ಹಚ್ಚಬಾರದು, ಹಚ್ಚಿದರೆ ಧೂಳು ಕೂರುತ್ತದೆ. ಒಂದು ಜಡಿ ಇನ್ನೊಂದಕ್ಕೆ ಕೂಡಿಕೊಳ್ಳದಂತೆ ಬುಡದಲ್ಲಿ ಬೇರೆ ಮಾಡಿ ಬೆರಳಿನಿಂದ ಹೊಸೆಯಬೇಕು. ತಿಂಗಳಿಗೊಮ್ಮೆ ಅಂಟುವಾಳದ ನೊರೆಯಲ್ಲಿ ತೊಳೆದು, ಹಳೆಯ ಧೋತರದಲ್ಲಿ ಹಿಂಡಿ, ಇಡೀ ದಿನ ಬಿಸಿಲಿಗೆ ಹಾಕಬೇಕು. ಒಳಗೆ ಹಸಿ ಉಳಿದರೆ ಮುಗ್ಗಲು ವಾಸನೆ. ಓಣಿಯ ಹೆಂಗಸರು ಆಕೆಯನ್ನು ಕಟ್ಟೆಯ ಮೇಲೆ ಕೂರಿಸಿ, ಐದು ಜಡಿಗಳನ್ನೂ ಮೊರದ ಮೇಲೆ ಹರಡಿ, ಮೆಣಸಿನಕಾಯಿ ಒಣಗಿಸಿದಂತೆ ಆಗಾಗ ಮಗುಚಿಹಾಕುತ್ತಿದ್ದರು. ಆಕೆ ಕಣ್ಣು ಮುಚ್ಚಿ ಚಾ ಕುಡಿಯುತ್ತಿದ್ದಳು. ಚಾ ಮಾಡಿದವಳು ನಾನು.

ಅಂಥದೊಂದು ದಿನ ತಿಕೋಂಡಿಯಿಂದ ಒಬ್ಬ ಮುದುಕಿ ದರ್ಶನಕ್ಕೆ ಬಂದಳು. ನಾನು ಬೀಸುವುದನ್ನು ಬಿಟ್ಟು ಹೊರಗೆ ಬಂದೆ. ಮೈತುಂಬ ಹಿಟ್ಟು, ಸೊಂಟದ ಮೇಲೆ ಮಗ.

"ಏ ತಂಗಿ, ಅವ್ವಾರ ಕಾಲಿಗಿ ನೀರ ತಾ" ಎಂದಳು ಮುದುಕಿ. ಆಮೇಲೆ ನೆಗೆಣ್ಣಿಯ ಕಡೆ ತಿರುಗಿ, "ಕೆಲಸದಾಕಿ ಚಲೋ ಸಿಕ್ಕಾಳ್ರಿ ನಿಮಗ" ಎಂದಳು.

"ನಾನೂ ಈ ಮನಿ ಸೊಸೀನ!" ಎಂದೆ.

ಮುದುಕಿ ನನ್ನ ತಲೆಯಿಂದ ಕಾಲಿನವರೆಗೆ ನೋಡಿದಳು. ಮತ್ತೆ ತಲೆಯನ್ನೇ ನೋಡಿದಳು. "ಇರಲಿ ಬಿಡವಾ" ಎಂದು ಸಮಾಧಾನ ಮಾಡಿದಳು, "ಎಲ್ಲಾರಿಗೂ ಎಲ್ಲಾ ಸಿಗಂಗಿಲ್ಲ."

ಬಂದವರು ಬೇರೆ

ಅಂದೇ ತೀರ್ಮಾನಿಸಿದೆ: ನನಗೂ ಜಡಿ ಬರಬೇಕು, ಬೀಸುಕಲ್ಲು ಬಿಡಬೇಕು. ಬಾಚುವುದನ್ನು ನಿಲ್ಲಿಸಿದೆ. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದೆ. ಆದರೆ ನನ್ನ ಕೂದಲು ರೇಷ್ಮೆಯ ಜಾತಿ. ಇಂದು ಗಂಟಾದದ್ದು ನಾಳೆ ತಾನೇ ಜಾರಿ ಬಿಡಿಸಿಕೊಳ್ಳುತ್ತಿತ್ತು. ಊರ ಹೆಂಗಸರೆಲ್ಲ ಈ ಕೂದಲನ್ನು ನೋಡಿ ಉರಿದುಕೊಂಡಿದ್ದರಲ್ಲ, ಅವರ ಶಾಪವೇ ತಟ್ಟಿರಬೇಕು ಎಂದುಕೊಂಡೆ.

ಇಪ್ಪತ್ತು ದಿನಕ್ಕೆ ತಲೆ ತುರಿಸತೊಡಗಿತು. ನನಗೆ ಸಂತೋಷವೋ ಸಂತೋಷ. ದೇವಿ ಬರುವಾಗ ಹೀಗೇ ತುರಿಸುತ್ತದೆ ಎಂದು ಎಲ್ಲೋ ಕೇಳಿದ್ದೆ. ಇನ್ನೆರಡು ದಿನಕ್ಕೆ ಮಗನೂ ತುರಿಸಿಕೊಳ್ಳತೊಡಗಿದ. ಮೂರನೆಯ ದಿನ ನಮ್ಮ ಯಜಮಾನರು ಹೊಲದಿಂದ ಬಂದವರು ರುಮಾಲು ತೆಗೆದು, ಗೋಡೆಗೆ ತಲೆ ತಿಕ್ಕುತ್ತ ಕೇಳಿದರು:

"ಏನ ನಡಸೀದಿ ನೀನು?"

"ದೇವಿ ಬರಾಕತ್ತಾಳ್ರಿ" ಎಂದೆ.

ಅವರು ನನ್ನ ಸೆರಗು ಸರಿಸಿ, ಕೂದಲು ಬಗೆದು ಬಹಳ ಹೊತ್ತು ನೋಡಿದರು.

"ದೇವಿ ಇನ್ನಾ ಬಂದಿಲ್ಲ" ಎಂದರು. "ಆಕಿ ಪರಿವಾರ ಎಲ್ಲಾ ಮುಂದ ಬಂದು ಇಳಕೊಂಡೈತಿ."

ಕಂಬಳಿಯ ಗಂಜಿ

ನಮ್ಮ ಓಣಿಯ ತುದಿಯಲ್ಲಿ ಕಂಬಳಿ ನೇಯುವ ಒಬ್ಬ ಅಜ್ಜ ಇದ್ದ. ಕುರಿಯ ಉಣ್ಣೆಯ ಎಳೆ ಬಿಡಿ ಬಿಡಿಯಾಗಿ ಹಾರಾಡುತ್ತದೆ. ಅಜ್ಜ ಅದಕ್ಕೆ ಏನೋ ಬಳಿದನೆಂದರೆ ಒಂದಕ್ಕೊಂದು ಅಂಟಿ ತೆಪ್ಪಗೆ ಕೂರುತ್ತದೆ. ಸೀಗೆಕಾಯಿ ಹಾಕಿ ಹೇನು ಕಳೆದುಕೊಂಡ ಮೇಲೆ ನಾನು ಅವನಲ್ಲಿಗೆ ಹೋದೆ.

"ಅಜ್ಜಾ, ಎಳಿ ಜಾರಬಾರದು ಅಂದ್ರ ಏನ ಹಚ್ಚತಾರ?"

"ಹುಣಸಿ ಬೀಜದ ಗಂಜಿ. ಬೀಜ ಹುರದು, ಸಿಪ್ಪಿ ತಗದು, ಬೀಸಿ, ಕುದಸಬೇಕು. ಯಾಕವಾ, ಕಂಬಳಿ ನೇಯಾಕಿಯೇನು?"

"ಹೂಂ ಅಜ್ಜಾ, ಸಣ್ಣದೊಂದು."

ಬೀಸುವುದು ತಪ್ಪಲೆಂದು ಜಡಿ ಬೇಕಿತ್ತು, ಆ ಜಡಿಗಾಗಿ ಹುಣಸೆ ಬೀಜ ಬೀಸಿದೆ. ಜೋಳಕ್ಕಿಂತ ಅದೇ ಗಟ್ಟಿ. ಅತ್ತೆ ಸಂತೆಗೆ ಹೋದ ದಿನ ಗಂಜಿಯನ್ನು ಹಿಂದಲೆಗೆಲ್ಲ ಬಳಿದುಕೊಂಡು ಹಿತ್ತಿಲ ಬಿಸಿಲಿಗೆ ಕೂತೆ. ಮಧ್ಯಾಹ್ನಕ್ಕೆ ಒಣಗಿತು. ಜಡಿಯಾಗಲಿಲ್ಲ, ಹಲಗೆಯಾಯಿತು. ಕತ್ತು ಬಗ್ಗಿಸಿದರೆ ಕೂದಲು ಬಗ್ಗದೆ ಹಿಂದಕ್ಕೆ ಮೊರದಂತೆ ನಿಂತಿತು. ಅದರ ಮೇಲೆ ಸೆರಗು ಹೊದ್ದೆ, ಡೇರೆ ಹೊಡೆದಂತಾಯಿತು. ಗಂಜಿಯ ವಾಸನೆಗೆ ನಮ್ಮ ಎರಡು ಆಡುಗಳೂ ಬಂದು, ಒಂದು ಈ ಕಡೆ ಒಂದು ಆ ಕಡೆ ನಿಂತು ನೆಕ್ಕತೊಡಗಿದವು. ಅವುಗಳನ್ನು ಅಟ್ಟುತ್ತ ಬೀದಿಗೆ ಓಡಿದರೆ ಎದುರಿಗೆ ಅಜ್ಜನೇ ಬರಬೇಕೇ!

ಅಜ್ಜ ನಿಂತ. ಸೆರಗಿನ ಅಂಚಿನಿಂದ ಹೊರಗೆ ಬಂದಿದ್ದ ಕೂದಲನ್ನು ಎರಡು ಬೆರಳಿನಿಂದ ಹಿಡಿದು, ಕಸುಬಿನವನಂತೆ ತಿಕ್ಕಿ ನೋಡಿದ.

"ಗಂಜಿ ಚಲೋ ಕುಂತೈತಿ, ತಂಗಿ" ಎಂದ. "ಇನ್ನ ಮಗ್ಗಕ್ಕ ಏರಸಬಹುದು."

ಜಡಿಯ ಪರೀಕ್ಷೆ

ಇದಾದ ಮೇಲೆ ಆಸೆ ಬಿಟ್ಟೆ. ಹೊಟ್ಟೆಕಿಚ್ಚು ಬಿಡಲಿಲ್ಲ, ಅದಕ್ಕೇನು ಎಣ್ಣೆ ನೀರು ಬೇಕಾಗಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಮಗನಿಗೆ ಸಿಡುಬಿನ ಅಮ್ಮ ಎದ್ದಳು. ಮೈತುಂಬ ಗುಳ್ಳೆ, ಜ್ವರ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ತಾಯಿ ತಲೆ ಬಾಚುವುದಿಲ್ಲ. ಇಪ್ಪತ್ತೆರಡು ದಿನ ಮಗನನ್ನು ಎದೆಯ ಮೇಲೆ ಹಾಕಿಕೊಂಡೇ ಕೂತೆ. ನನ್ನ ಕತ್ತಿನ ಹಿಂದಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ತಿರುವದೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಆಗ ಜಡಿಯ ನೆನಪು ಯಾರಿಗೆ? ದೇವರ ದಯೆ, ಮಗ ಉಳಿದ. ತಲೆಗೆ ನೀರು ಹಾಕಿಕೊಳ್ಳಲು ಹೋಗಿ ಕೈಯಾಡಿಸಿದರೆ, ಕತ್ತಿನ ಹಿಂದೆ ಹೆಬ್ಬೆರಳ ಗಾತ್ರದ ಒಂದು ಜಡಿ! ಎಳೆದೆ. ಬಿಡಲಿಲ್ಲ. ಮತ್ತೂ ಜೋರಾಗಿ ಎಳೆದೆ. ನೋವಾಯಿತು. ಅಷ್ಟು ಸುಖದ ನೋವು ನನಗೆ ಮತ್ತೆಂದೂ ಆಗಿಲ್ಲ.

ಒದ್ದೆ ಸೀರೆಯಲ್ಲೇ ಪಡಸಾಲೆಗೆ ಓಡಿದೆ.

"ಅತ್ತೀ, ನೋಡ್ರಿ!"

ಅತ್ತೆ ನೋಡಿದರು. ಕೈ ಮುಗಿಯಲಿಲ್ಲ. ಮುಖ ಸಣ್ಣದಾಯಿತು.

"ಇಬ್ಬರೂ ಜಡಿಯವರಾದ್ರ ಬೀಸಾಕಿ ಯಾರ?"

"ದೇವಿಗಿ ಕೇಳ್ರಿ" ಎಂದೆ.

"ಕೇಳೂಣಂತ" ಎಂದು ಅತ್ತೆ ನೆಗೆಣ್ಣಿಯನ್ನು ಕರೆದರು. ಜಡಿ ಖರೆಯೋ ಸುಳ್ಳೋ ಎಂದು ಹೇಳಬಲ್ಲವಳು ಮನೆಯಲ್ಲಿ ಆಕೆ ಒಬ್ಬಳೇ. ಇಷ್ಟು ದಿನ ನಾನು ಆಕೆಯನ್ನು ಸುಡುಗಣ್ಣಿನಿಂದ ನೋಡಿದ್ದು ಆಕೆಗೆ ಗೊತ್ತಿಲ್ಲವೇ? ಸುಳ್ಳು ಎಂದೇ ಹೇಳುತ್ತಾಳೆ. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ.

ಆಕೆ ಬಂದು ನನ್ನ ಹಿಂದೆ ಕೂತಳು. ಜಡಿಯನ್ನು ಬುಡದಿಂದ ತುದಿಯವರೆಗೆ ಒತ್ತಿ ನೋಡಿದಳು, ಮೂಸಿದಳು, ಹಣೆಗೆ ಒತ್ತಿಕೊಂಡಳು.

"ಖರೇ ಐತಿ" ಎಂದಳು. "ದೇವಿನ ಬಂದಾಳ."

ನನಗೆ ಅಳುವೇ ಬಂತು. ಇಂಥ ಬಂಗಾರದಂಥ ಅಕ್ಕನ ಮೇಲೆ ಎರಡು ವರ್ಷ ಕಿಚ್ಚುಪಟ್ಟೆನಲ್ಲ ಎಂದು ಆಕೆಯ ಕಾಲು ಮುಟ್ಟಿದೆ. ಆಕೆ ತಲೆಯ ಮೇಲೆ ಕೈಯಿಟ್ಟು, ಕೈ ತೆಗೆಯದೆ ಮುಂದುವರಿಸಿದಳು:

"ಆದ್ರ ಅತ್ತೀ, ಸಣ್ಣ ಜಡಿ ದೊಡ್ಡ ಜಡಿದು ಸೇವಾ ಮಾಡಬೇಕು. ಹನ್ನೆರಡು ವರ್ಷ. ದೊಡ್ಡ ಜಡಿ ಸಣ್ಣ ಜಡಿ ಬೀಸಿದ ಹಿಟ್ಟಿನ ರೊಟ್ಟೀನ ಉಣಬೇಕು. ತಿಂಗಳಿಗೊಮ್ಮಿ ನನ್ನ ಜಡಿ ತೊಳದು ಒಣಗಸೂದೂ ಈಕೀನ. ಮಂದಿ ಕೈ ಇನ್ನ ಹತ್ತಬಾರದು."

ಈಗ ಅತ್ತೆ ಎರಡೂ ಕೈ ಎತ್ತಿ ಮುಗಿದರು. "ದೇವಿ ಮಾತು! ನನ್ನ ದೊಡ್ಡ ಚಿಂತಿ ಹೋತು."

ಅಲ್ಲಿಯವರೆಗೆ ನಾನು ಸೊಸೆಯಾಗಿ ಬೀಸುತ್ತಿದ್ದೆ, ಬೀಸುತ್ತ ಬಯ್ಯುತ್ತಿದ್ದೆ. ಇನ್ನು ಭಕ್ತೆಯಾಗಿ ಬೀಸಬೇಕು, ಬಾಯಿ ಮುಚ್ಚಿಕೊಂಡು. ಸಾಲೆ ಕಲಿಯದ ಈ ತಲೆಯೊಳಗೆ ಇಷ್ಟೆಲ್ಲ ಎಲ್ಲಿಂದ ಬಂತೋ! ಆಕೆಯ ಜಡಿಯನ್ನು ಬಿಟ್ಟು ನನ್ನ ಹೊಟ್ಟೆಕಿಚ್ಚು ಅಂದೇ ಆಕೆಯ ಬುದ್ಧಿಗೆ ಹತ್ತಿಕೊಂಡಿತು. ಸಿಟ್ಟಿನಿಂದ ಎದ್ದು ನಿಂತೆ.

"ಅತ್ತೀ, ಕತ್ತರಿ ಎಲ್ಲೈತ್ರಿ?"

ಅತ್ತೆ ಗಾಬರಿಯಾಗಿ ನೆಗೆಣ್ಣಿಯ ಮುಖ ನೋಡಿದರು. ನೆಗೆಣ್ಣಿ ಅವಸರ ಮಾಡಲಿಲ್ಲ. ತನ್ನ ಐದು ಜಡಿಗಳನ್ನು ಒಂದೊಂದಾಗಿ ಹೆಗಲ ಹಿಂದೆ ಹಾಕಿಕೊಂಡು, ಬಹಳ ಪ್ರೀತಿಯಿಂದ ಹೇಳಿದಳು:

"ಕತ್ತರಸಾಕಿದ್ರ ಕತ್ತರಸವಾ ತಂಗಿ. ಕತ್ತರಸಿದವರಿಗಿ ಇಪ್ಪತ್ತನಾಕು ವರ್ಷ."