ಚಿಕ್ಕಮ್ಮನ ಮೂರನೇ ಸುತ್ತು

ಈ ಜಗತ್ತು ಯಾಕೆ ಇನ್ನೂ ಪುಡಿಪುಡಿಯಾಗಿ ಉದುರಿಹೋಗಿಲ್ಲ ಎಂಬುದನ್ನು ನಮ್ಮ ಚಿಕ್ಕಮ್ಮ ಚನ್ನಗಿರಿಯಲ್ಲಿ, ತನ್ನ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದಾಳೆ. ನಗಬೇಡಿ, ಮೂವತ್ತು ವರ್ಷದಿಂದ ಹಾಕುತ್ತಿದ್ದಾಳೆ! ಇಷ್ಟು ದೊಡ್ಡ ವಿಷಯ ಗೊತ್ತಿರುವ ಹೆಂಗಸನ್ನು ಒಮ್ಮೆ ‘ಕಾಫಿ ಕುಡೀತೀಯಾ?’ ಎಂದು ಕೇಳಿ ನೋಡಿ. ಹೂಂ ಅಂತಲೋ ಬೇಡ ಅಂತಲೋ ಒಂದೇ ಮಾತಿನ ಉತ್ತರ ಬಂದರೆ ನನ್ನ ಹೊಲಿಗೆ ಮಿಷಿನ್ ನಿಮಗೇ ಕೊಟ್ಟುಬಿಡುತ್ತೇನೆ.

“ಮೊದಲ್ನೇ ಸುತ್ತಿಗೆ ಅರ್ಧ ಲೋಟ ಇಟ್ಕೋ. ಎರಡ್ನೇ ಸುತ್ತಿಗೆ ನೋಡಿದ್ರೆ, ಬೆಳಿಗ್ಗೆ ಆಗ್ಲೇ ಎರಡು ಸಲ ಆಗೈತೆ, ಅದ್ರಾಗೆ ಸ್ವಲ್ಪ ಕಳಿ. ಮೂರ್ನೇ ಸುತ್ತಿಗೆ ನಿನ್ನ ಸಕ್ಕರೆ ಕೈ ಜೋರು, ಅದಕ್ಕೂ ಒಂಚೂರು ಕಳಿ. ಒಟ್ಟು ಕಾಲು ಲೋಟ. ಹೆಚ್ಚು ಕಡಿಮೆ ಎರಡು ಗುಟುಕು!”

ಅಷ್ಟು ಹೊತ್ತಿಗೆ ಕಾಫಿ ಆರಿರುತ್ತದೆ. ಇಂಥ ಚಿಕ್ಕಮ್ಮ ತನ್ನ ಲೆಕ್ಕದೊಳಗೆ ನನ್ನನ್ನೂ, ನನ್ನ ಜೊತೆ ಮಾತು ಬಿಟ್ಟಿದ್ದ ನನ್ನ ಅಕ್ಕನನ್ನೂ ಎಳೆದು ತಂದು ಕೂರಿಸಿದ ಕತೆ ನಾನು ಹೇಳಬೇಕಾದದ್ದು. ಅದಕ್ಕೆ ಮೊದಲು ಆಕೆಯ ಮಿಕ್ಕ ಪ್ರತಾಪಗಳನ್ನು ಹೇಳದಿದ್ದರೆ ನೀವು ನಂಬುವುದಿಲ್ಲ.

ಚಿಕ್ಕಮ್ಮ ನಮ್ಮ ಅಮ್ಮನ ತಂಗಿ. ಚನ್ನಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ, ಇನ್ನೊಂದು ವರ್ಷಕ್ಕೆ ನಿವೃತ್ತಿ. ಮದುವೆ ಮಾಡಿಕೊಳ್ಳಲಿಲ್ಲ, ಪುರುಸೊತ್ತಾಗಲಿಲ್ಲವಂತೆ. ಸಂಜೆ ಮನೆಗೆ ಬಂದು ಕಾಲು ತೊಳೆದ ಮೇಲೆ ಅವಳ ನಿಜವಾದ ಬದುಕು ಶುರು. ಅದರ ಹೆಸರು ಕೈರಲ್ ಎಫೆಕ್ಟಿವ್ ಫೀಲ್ಡ್ ಥಿಯರಿ. ಹೆದರಬೇಡಿ. ಹೊನ್ನಾಳಿಯಲ್ಲಿ ಬ್ಲೌಸ್ ಹೊಲಿಯುವ ನನಗೇ ಅರ್ಥವಾಗಿದೆ, ನಿಮಗೇನು ಕಷ್ಟ? ಪರಮಾಣುವಿನ ನಟ್ಟನಡುವೆ ಪ್ರೋಟಾನ್, ನ್ಯೂಟ್ರಾನ್ ಅಂತ ಕಾಳುಗಳು ಒತ್ತೊತ್ತಾಗಿ ಕೂತಿವೆ. ಅವನ್ನು ಹಿಡಿದಿಟ್ಟಿರುವ ಬಲ ಎಂಥದ್ದು, ಎಷ್ಟು? ಒಂದಿಷ್ಟು ದೂರ ಇದ್ದಾಗ ಅವು ಪಯಾನ್ ಎಂಬ ಇನ್ನೊಂದು ಕಾಳನ್ನು ಒಂದರ ಕಡೆಗೊಂದು ಎಸೆದಾಡುತ್ತವಂತೆ. ಅದನ್ನು ಲೆಕ್ಕ ಹಾಕಬಹುದು. ತೀರಾ ಹತ್ತಿರ ಬಂದಾಗ ಒಳಗೆ ಏನೇನು ನಡೆಯುತ್ತದೋ ಬಿಡಿಸಿ ಹೇಳುವುದು ಬಲು ಕಷ್ಟ. ಅಂಥ ಕಡೆ ಚಿಕ್ಕಮ್ಮ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾಳೆ.

“ಒಳಗೆ ಏನೈತೆ ಅಂತ ಕೆದಕಾಕೆ ಹೋಗಬಾರ್ದು. ಹೊರಗಿಂದ ಹೆಂಗೆ ನಡ್ಕಂತಾವೆ ಅಂತ ಅಳದು, ಆ ಚುಕ್ಕಿಗೆ ಒಂದು ಬೆಲೆ ಕಟ್ಟು. ಕೆಲಸ ನಡೀತೈತೆ.”

ಮೊದಲ ಸುತ್ತಿಗೆ ದಪ್ಪ ಲೆಕ್ಕ. ಎರಡನೇ ಸುತ್ತಿಗೆ ತಿದ್ದುಪಡಿ. ಮೂರನೇ ಸುತ್ತಿಗೆ ಇನ್ನೂ ಸಣ್ಣ ತಿದ್ದುಪಡಿ. ಕೊನೆಗೆ, ಇಷ್ಟೆಲ್ಲ ಮಾಡಿಯೂ ಎಷ್ಟು ತಪ್ಪಿರಬಹುದು ಅಂತ ತಾನೇ ಬಾಯಿಬಿಟ್ಟು ಹೇಳುವುದು. “ನಾವು ಬ್ಲೌಸಿನ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟು ಹೊಲೀತೀವಲ್ಲ, ಹಂಗಾ?” ಅಂತ ನಾನು ಕೇಳಿದ್ದಕ್ಕೆ ಚಿಕ್ಕಮ್ಮ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿ, “ನಮ್ಮ ಫಿಸಿಕ್ಸ್ ಮೇಷ್ಟ್ರುಗಳಲ್ಲೇ ಎಷ್ಟೋ ಜನಕ್ಕೆ ಇಷ್ಟು ಬುದ್ಧಿ ಇಲ್ಲ ಕಣೇ” ಅಂದಳು. ಅವತ್ತಿನಿಂದ ಅಳತೆ ತೆಗೆಯುವಾಗ ನಾನು ಸ್ವಲ್ಪ ಬೀಗುತ್ತೇನೆ.

ಉಬ್ರಾಣಿ ಕಡೆಯ ಹುಡುಗನೊಬ್ಬನನ್ನು ನಮ್ಮ ನೆಂಟರ ಹುಡುಗಿಗೆ ನೋಡಿದ್ದರು. ‘ಮೇಷ್ಟ್ರಮ್ಮ, ನಿಮಗೆ ಹತ್ತಿರ, ಸ್ವಲ್ಪ ವಿಚಾರಿಸಿ’ ಎಂದು ಆ ಕೆಲಸವನ್ನು ಚಿಕ್ಕಮ್ಮನಿಗೆ ಒಪ್ಪಿಸಿದರು. ಹೋಗಿ ಬಂದ ಚಿಕ್ಕಮ್ಮ ಹುಡುಗಿಯ ಅಪ್ಪನಿಗೆ ವರದಿ ಒಪ್ಪಿಸಿದಳು: “ದೂರದಿಂದ ನೋಡಿದ್ರೆ ಒಳ್ಳೇ ಹುಡುಗ. ಹತ್ತಿರ ಹೋದಾಗ ಹೆಂಗೋ ಗೊತ್ತಿಲ್ಲ, ಅಲ್ಲೊಂದು ಚುಕ್ಕಿ ಇಟ್ಕಳ್ರಿ. ಮದುವೆ ಆದ್ಮೇಲೆ ನಿಮ್ಮ ಮಗಳೇ ಅಳದು ತುಂಬ್ಕಂತಾಳೆ.” ಆ ಮನುಷ್ಯ ಎರಡು ದಿನ ಊಟ ಮಾಡಲಿಲ್ಲವಂತೆ. ಮದುವೆಯೇನೋ ಆಯಿತು, ಹುಡುಗಿ ಸುಖವಾಗಿದ್ದಾಳೆ, ಗಂಡ ಗೊರಕೆ ಹೊಡೆಯುತ್ತಾನಂತೆ. ಚುಕ್ಕಿಯೊಳಗೆ ಇದ್ದದ್ದು ಅಷ್ಟೇ!

ಇನ್ನು ನ್ಯಾಮತಿಯ ನಿಂಬೆಹಣ್ಣಿನ ಪ್ರಕರಣ. ಅಲ್ಲಿಯ ಕಾಲೇಜಿನವರು ಚಿಕ್ಕಮ್ಮನನ್ನು ಭಾಷಣಕ್ಕೆ ಕರೆದಿದ್ದರು. ಚಿಕ್ಕಮ್ಮ ಇಬ್ಬರು ಮೇಷ್ಟ್ರುಗಳನ್ನು ವೇದಿಕೆಯ ಎರಡು ತುದಿಗೆ ನಿಲ್ಲಿಸಿ, ಚೀಲದಿಂದ ನಿಂಬೆಹಣ್ಣು ತೆಗೆದು, “ನೀವು ಪ್ರೋಟಾನ್, ನೀವು ನ್ಯೂಟ್ರಾನ್, ಇದು ಪಯಾನ್. ಎಸೀರಿ, ಹಿಡೀರಿ!” ಅಂದಳು. ಪ್ರೋಟಾನಿಗೆ ಹಿಡಿಯಲು ಬರುತ್ತಿರಲಿಲ್ಲ. ನಾಲ್ಕು ನಿಂಬೆಹಣ್ಣು ಬೆಂಚುಗಳ ಕೆಳಗೆ ಉರುಳಿಹೋದವು, ಚಪ್ಪಾಳೆಯಲ್ಲಿ ಎಲ್ಲರೂ ಮರೆತರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಜವಾನನಿಗೆ ಕಂಡದ್ದೇನು? ಮೂಲೆಗೊಂದು ನಿಂಬೆಹಣ್ಣು! ಕಪ್ಪು ಹಲಗೆಯ ಮೇಲೆ ಅಡ್ಡಗೆರೆ, ಉದ್ದಗೆರೆ, ನಡುವೆ ದಪ್ಪನೆಯ ಚುಕ್ಕಿ! ಯಾರೋ ಮಾಟ ಮಾಡಿಸಿದ್ದಾರೆ ಅಂತ ಎರಡು ದಿನ ಆ ಕೋಣೆಗೆ ಒಬ್ಬರೂ ಕಾಲಿಡಲಿಲ್ಲ. ಕೊನೆಗೆ ಚಿಕ್ಕಮ್ಮನೇ ನ್ಯಾಮತಿಗೆ ಹೋಗಿ, ಅಷ್ಟೂ ಹಣ್ಣು ಹೆಕ್ಕಿ, ಎಲ್ಲರ ಕಣ್ಣೆದುರು ಹಿಂಡಿ ಶರಬತ್ತು ಮಾಡಿದಳು. “ಯಾರೂ ಮುಟ್ಟಲಿಲ್ಲ ಕಣೇ, ಒಂದು ಜಗ್ ನಾನೊಬ್ಬಳೇ ಕುಡಿದೆ” ಅಂತ ಆಮೇಲೆ ಹೇಳಿದಳು. ಅವಳಿಗೇನೂ ಆಗಲಿಲ್ಲ ಎಂಬುದನ್ನು ನೋಡಿ ಮೂರನೇ ದಿನ ತರಗತಿ ಶುರುವಾಯಿತು.

ಚನ್ನಗಿರಿಯ ಅವಳ ಬೀದಿಯವರು ಹೆದರುವ ಪೈಕಿಯಲ್ಲ. ಚಿಕ್ಕಮ್ಮ ಕಸಕ್ಕೆ ಹಾಕಿದ ಹಾಳೆಗಳ ಮೇಲೆ ಬಲಗಳ ಚಿತ್ರಗಳು ಇರುತ್ತವೆ: ನಿಂತ ಗೆರೆ ಅಂದರೆ ಕಾಳು, ತುಂಡುತುಂಡಾದ ಅಡ್ಡಗೆರೆ ಅಂದರೆ ಪಯಾನ್, ಚುಕ್ಕಿ ಅಂದರೆ ಚುಕ್ಕಿ. ಎದುರುಮನೆಯಾಕೆ ಅವನ್ನು ಎತ್ತಿಟ್ಟುಕೊಂಡು ಸಂಕ್ರಾಂತಿಗೆ ಬಾಗಿಲ ಮುಂದೆ ರಂಗೋಲಿ ಹಾಕಿಬಿಟ್ಟಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಆಚೆಯವಳು. ಹಬ್ಬದ ಬೆಳಿಗ್ಗೆ ಬೀದಿಯ ಉದ್ದಕ್ಕೂ ಪರಮಾಣು ಬಲ! ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಚಿಕ್ಕಮ್ಮ ಮನೆಮನೆಯ ಮುಂದೆ ನಿಂತು ತಪಾಸಣೆ ಮಾಡಿದಳು.

“ಅಲ್ರೀ, ಮೂರು ಗೆರೆ ಹಾಕೀರಿ, ಆ ಮೂರನ್ನೂ ಒಟ್ಟಿಗೆ ಹಿಡಿಯೋ ಅಡ್ಡಗೆರೇನೇ ಬಿಟ್ಟೀರಲ್ಲ!”

“ಅದು ಚಿಕ್ಕದಿತ್ತು ಮೇಡಂ, ರಂಗೋಲಿ ಪುಡಿ ದಂಡ ಅಂತ ಬಿಟ್ಟೆ.”

“ಚಿಕ್ಕದೇ. ಮೂರ್ನೇ ಸುತ್ತಿಗೆ ಬರೋದು. ಅದಿಲ್ದಿದ್ರೆ ಮೂರೂ ಸಡ್ಲ ಆಗ್ತಾವ್ರೀ!”

ಮರುವರ್ಷ ಎಲ್ಲರ ಬಾಗಿಲಲ್ಲೂ ಆ ಗೆರೆ ಇತ್ತು. ಆ ಗೆರೆಯ ಗುಟ್ಟನ್ನು ಅವಳು ನನಗೂ ಹೇಳಿದ್ದಳು. ಎರಡು ನ್ಯೂಟ್ರಾನ್‌ಗಳನ್ನು ಮಾತ್ರ ಎದುರುಬದುರು ಬಿಟ್ಟರೆ ಅವು ಅಂಟಿಕೊಳ್ಳುವುದಿಲ್ಲವಂತೆ, ಕೂದಲೆಳೆಯಲ್ಲಿ ತಪ್ಪಿಹೋಗುತ್ತದಂತೆ. ಪಕ್ಕಕ್ಕೆ ಒಂದು ಪ್ರೋಟಾನ್ ಬಂದು ಕೂತರೆ ಮೂರೂ ಸೇರಿಕೊಳ್ಳುತ್ತವೆ. ಇಬ್ಬಿಬ್ಬರ ನಡುವಿನ ಬಲಗಳನ್ನೆಲ್ಲ ಕೂಡಿದರೂ ಆ ಹಿಡಿತಕ್ಕೆ ಸಾಲುವುದಿಲ್ಲ. ಮೂವರೂ ಒಟ್ಟಿಗೆ ಇದ್ದಾಗ ಮಾತ್ರ ಹುಟ್ಟುವ ಬಲವೊಂದು ಬೇರೆಯೇ ಇದೆ. ಆಗ ನಾನು ಹೆಮ್ಮಿಂಗ್ ಹಾಕುತ್ತಾ ಹೂಂಗುಟ್ಟಿದ್ದೆ, ಅಷ್ಟೇ.

ಈಗ ನನ್ನ ಅಕ್ಕನ ವಿಷಯ. ಅಕ್ಕ ಜಗಳೂರಿನಲ್ಲಿ ಇದ್ದಾಳೆ. ಅಮ್ಮ ಇದ್ದದ್ದು ಸಾಸ್ವೆಹಳ್ಳಿಯಲ್ಲಿ. ಅಮ್ಮ ಹೋಗಿ, ಕಾರ್ಯವೆಲ್ಲ ಮುಗಿದ ಮರುದಿನ ನಾನು ಅಮ್ಮನ ರೊಟ್ಟಿ ಹಂಚನ್ನು ಹಳೇ ಸೀರೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಯಾರನ್ನೂ ಕೇಳಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಅದನ್ನೇ ಹುಡುಕುತ್ತಿದ್ದಳು. “ಕೇಳಿದ್ರೆ ನಾನೇ ತೊಳದು ಕೊಡ್ತಿದ್ದೆ, ಕದ್ದು ಒಯ್ಯಾಕೆ ಏನಾಗಿತ್ತು ನಿಂಗೆ?” ಅಂದಳು. ತಪ್ಪು ನನ್ನದೇ. ಸುಮ್ಮನಿರಬೇಕಿತ್ತು. ನಾನು ಅಂದೆ: “ಅಮ್ಮ ಇದ್ದಾಗ ಆ ಹಂಚಿನ ರೊಟ್ಟಿ ತಿನ್ನಾಕೆ ನೀನು ಎಷ್ಟು ಸಲ ಬಂದಿದ್ದೆ?” ಜಗಳೂರಿನಿಂದ ಎರಡು ಬಸ್ಸು ಹಿಡಿದು, ಕಾಯಿಲೆಯ ಅತ್ತೆಯನ್ನು ಮನೆಯಲ್ಲಿ ಬಿಟ್ಟು ಅವಳು ಬರುವುದು ಎಷ್ಟು ಕಷ್ಟ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಎರಡು ವರ್ಷ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ನಾನು ಆ ಹಂಚಿನ ಮೇಲೆ ಒಂದು ರೊಟ್ಟಿಯನ್ನೂ ಸುಡಲಿಲ್ಲ. ತಿಂಗಳಿಗೊಮ್ಮೆ ಎಣ್ಣೆ ಸವರಿ ಮತ್ತೆ ಅಟ್ಟದ ಮೇಲೆ ಇಡುತ್ತಿದ್ದೆ.

ನೆಂಟರೆಲ್ಲ ‘ಏನಾಯ್ತು, ಯಾರದ್ದು ತಪ್ಪು’ ಎಂದು ಕೆದಕಿದರು. ಕೇಳದೆ ಇದ್ದವಳು ಚಿಕ್ಕಮ್ಮ ಒಬ್ಬಳೇ. ಅಲ್ಲೊಂದು ಚುಕ್ಕಿ ಇಟ್ಟಳು. ಒಂದು ದಿನ ದಪ್ಪನೆಯ ಫೈಲ್ ಹಿಡಿದು ನನ್ನ ಮನೆಗೆ ಬಂದು, “ನನ್ನ ಲೆಕ್ಕ ತಾಳೆ ನೋಡ್ಬೇಕು. ಒಬ್ರು ಓದಬೇಕು, ಒಬ್ರು ಟಿಕ್ ಹಾಕ್ಬೇಕು. ಮುಂದಿನ ಭಾನುವಾರ ನಿಮ್ಮಕ್ಕನೂ ಬರ್ತಾಳೆ” ಅಂದಳು.

“ಕಂಪ್ಯೂಟರ್ ಐತಲ್ಲ ಚಿಕ್ಕಮ್ಮ?”

“ಕಂಪ್ಯೂಟರಿಗೆ ಕಣ್ಣೈತೇನೆ?”

“ನಿನ್ನ ಸ್ಟೂಡೆಂಟ್ಸು?”

“ನಿದ್ದೆ ಮಾಡ್ತಾರೆ. ಒಂದೇ ತಾಯಿ ಮಕ್ಕಳಾದ್ರೆ ದನಿ ಗುರುತು ಇರ್ತೈತೆ, ಅಂಕಿ ತಪ್ಪಲ್ಲ. ಇದು ಸಂಶೋಧನೆಯಿಂದ ಗೊತ್ತಾಗೈತೆ.”

ಯಾವ ಸಂಶೋಧನೆ ಅಂತ ಕೇಳುವ ಧೈರ್ಯ ಯಾರಿಗಿದೆ? ಜಗಳೂರಿನಲ್ಲೂ ಇದೇ ಮಾತು ಹೇಳಿ, ಭಾನುವಾರ ಅಕ್ಕನ ಅತ್ತೆಯ ಹತ್ತಿರ ಕೂರಲು ಒಬ್ಬಾಕೆಯನ್ನೂ ಗೊತ್ತುಮಾಡಿ ಬಂದಿದ್ದಳಂತೆ. ಭಾನುವಾರ ಅಕ್ಕ ಬಂದಳು. ನನ್ನ ಮುಖ ನೋಡದೆ ಚಾಪೆಯ ಆ ತುದಿಯಲ್ಲಿ ಕೂತಳು. ನಾನು ಈ ತುದಿಯಲ್ಲಿ. ನಡುವೆ ಚಿಕ್ಕಮ್ಮ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಫೈಲಿನ ಹಾಳೆ ತಿರುವುವ ಕೆಲಸ ಮಾತ್ರ ತನ್ನದು, ಬೇರೆ ಯಾರೂ ಮುಟ್ಟುವಂತಿಲ್ಲ ಅಂತ ಕಟ್ಟಪ್ಪಣೆ.

“ಸೊನ್ನೆ ಪಾಯಿಂಟ್ ಎಂಟು ಒಂದು ಮೂರು,” ಅಂತ ಅಕ್ಕ ಓದುವುದು.

“ಹೂಂ,” ಅಂತ ನಾನು ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಟಿಕ್ ಹಾಕುವುದು.

“ಮೈನಸ್ ಮೂರು ಪಾಯಿಂಟ್ ನಾಕು.”

“ಹೂಂ.”

ಎರಡು ವರ್ಷದ ನಂತರ ನಾವಿಬ್ಬರು ಆಡಿದ ಮಾತು ಇದು! ಹೀಗೆ ತಿಂಗಳಿಗೊಂದು ಭಾನುವಾರ, ಏಳು ತಿಂಗಳು. ಅಂಕಿ ಬಿಟ್ಟರೆ ಒಂದು ಅಕ್ಷರ ಆಡಿದವರಲ್ಲ. ಆದರೆ ಅಕ್ಕನಿಗೆ ಶೀತ ಆದಾಗ ಓದುವ ದನಿಯಲ್ಲಿ ನನಗೆ ಗೊತ್ತಾಗುತ್ತಿತ್ತು, ನಾನು ಬೇಜಾರಲ್ಲಿದ್ದರೆ ನನ್ನ ಹೂಂಕಾರದಲ್ಲಿ ಅವಳಿಗೆ ಗೊತ್ತಾಗುತ್ತಿತ್ತು. ನನಗೆ ಭಾನುವಾರ ಬರುವುದನ್ನೇ ಕಾಯುವಂತಾಗಿತ್ತು, ಇದನ್ನು ಯಾರಿಗೂ ಹೇಳಿರಲಿಲ್ಲ.

ಎಂಟನೇ ಭಾನುವಾರ ಅಕ್ಕ ಬಂದಳು, ಚಿಕ್ಕಮ್ಮ ಬರಲಿಲ್ಲ. ಫೋನ್ ಮಾಡಿದರೆ, “ನೆಗಡಿ ಕಣೇ. ಫೈಲ್ ನಿನ್ನ ಬೀರುವಿನಾಗೇ ಐತಲ್ಲ, ನೀವೇ ಶುರು ಮಾಡ್ರಿ” ಅಂದಳು. ದನಿಯಲ್ಲಿ ನೆಗಡಿ ಇದ್ದಂತೆ ಕಾಣಲಿಲ್ಲ. ಎರಡು ನ್ಯೂಟ್ರಾನ್‌ಗಳು ಚಾಪೆಯ ಎರಡು ತುದಿಯಲ್ಲಿ ಉಳಿದೆವು. ನಡುವೆ ಬಜ್ಜಿಯೂ ಇರಲಿಲ್ಲ. ಅಕ್ಕ ಒಂದು ಪುಟ ಓದಿದಳು, ನಾನು ಹೂಂ ಅಂದೆ. ಹಾಳೆ ತಿರುವುವವರು ಯಾರು? ನಾನೇ ಕೈ ಹಾಕಿ ಕ್ಲಿಪ್ಪಿನಿಂದ ಹಾಳೆ ಎಳೆದೆ, ಅದು ಮಗುಚಿ ಬಿತ್ತು.

ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಮನೆ ಗೀಚಿತ್ತು. ಹೆಸರು, ಊರು, ಪ್ರಾಣಿ, ವಸ್ತು. ನನ್ನ ಕೋಳಿಕಾಲಿನ ಅಕ್ಷರ, ಪಕ್ಕದಲ್ಲಿ ಅಕ್ಕನ ದುಂಡು ಅಕ್ಷರ. ಚಿಕ್ಕಮ್ಮ ಪಿಎಚ್‌ಡಿ ಮಾಡುತ್ತಾ ನಮ್ಮ ಮನೆಯಲ್ಲಿದ್ದಾಗ ಅವಳ ಲೆಕ್ಕದ ಹಾಳೆಗಳ ಬೆನ್ನ ಮೇಲೆ ನಾವಿಬ್ಬರೂ ಆಡುತ್ತಿದ್ದ ಆಟ! ಅಡಿಯಲ್ಲಿ ಅಂಕ ಕೂಡಿದ್ದು ಅಮ್ಮನ ಕೈ. ಅಕ್ಕನಿಗೆ ತೊಂಬತ್ತು, ನನಗೂ ತೊಂಬತ್ತು. ನಾನು ಮನಸ್ಸಿನಲ್ಲೇ ಕೂಡಿ ನೋಡಿದೆ. ನನ್ನದು ಅರವತ್ತೈದೇ ಆಗುತ್ತಿತ್ತು.

ಅಕ್ಕನೂ ಕೂಡಿದಳು ಅಂತ ಕಾಣುತ್ತದೆ, ತುಟಿ ಅಲುಗುತ್ತಿತ್ತು. ಆಮೇಲೆ ಅಂಕಿ ಓದುವ ಅದೇ ದನಿಯಲ್ಲಿ ಕೇಳಿದಳು:

“ಹಂಚಿಗೆ ಎಣ್ಣೆ ಸವರಿ ಇಟ್ಟೀಯಾ?”

“ಹೂಂ.”

“ಮನೇಲಿ ಜೋಳದ ಹಿಟ್ಟು ಐತಾ?”

“ಹೂಂ. ಅಕ್ಕಾ, ಅವತ್ತು ನಾನು ಹಂಗೆ ಅನ್ನಬಾರ್ದಿತ್ತು.”

“ನೀರು ಕಾಯಾಕಿಡು,” ಅಂದು ಅಕ್ಕ ಸೆರಗು ಸಿಕ್ಕಿಸಿ ಎದ್ದಳು.

ಅಟ್ಟದಿಂದ ಹಂಚು ಇಳಿಸಿ ಕೊಟ್ಟು, ನಾನು ಹೊರಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

“ಚಿಕ್ಕಮ್ಮಾ, ಏಳು ತಿಂಗಳು ನಾವು ಓದಿದ್ದು ಮೂವತ್ತು ವರ್ಷದ ಹಿಂದಿನ ಹಾಳೇನಾ?”

ಮೊದಲ ಸುತ್ತು, ಎರಡನೇ ಸುತ್ತು, ಹೆಚ್ಚು ಕಡಿಮೆ ಎಲ್ಲ ಬರಲಿ ಅಂತ ನಾನು ಕಾದೆ.

“ಹೂಂ,” ಅಂದಳು ಚಿಕ್ಕಮ್ಮ.

ಅಷ್ಟೇ! ನನ್ನ ಜೀವಮಾನದಲ್ಲಿ ಅವಳು ಕೊಟ್ಟ ಮೊದಲ ಒಂದೇ ಮಾತಿನ ಉತ್ತರ.

“ಯಾಕೆ ಚಿಕ್ಕಮ್ಮ?”

“ನನ್ನ ಅಕ್ಕ ಹೋದ್ಲು ಕಣೇ. ನಿನ್ನ ಅಕ್ಕ ಇನ್ನೂ ಅದಾಳೆ.”

ಚಿಕ್ಕಮ್ಮ ಅಳುತ್ತಿದ್ದಳು. ಅಮ್ಮ ಹೋದಾಗ ನಾವಿಬ್ಬರೂ ಹಂಚಿಗೆ ಕಿತ್ತಾಡಿದೆವು. ಅಕ್ಕನನ್ನು ಕಳೆದುಕೊಂಡ ಚಿಕ್ಕಮ್ಮನನ್ನು ಒಬ್ಬರೂ ಕೂರಿಸಿ ಮಾತಾಡಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಒಳಗಿನಿಂದ ಅಕ್ಕ ಕೂಗಿದಳು: “ಯಾರೇ ಫೋನಿನಾಗೆ, ಚಿಕ್ಕಮ್ಮನಾ? ಸಾಸ್ವೆಹಳ್ಳಿ ಮೇಲೆ ಬರೋ ಬಸ್ಸು ಹಿಡಿದು ಈಗ್ಲೇ ಇಲ್ಲಿಗೆ ಬರಾಕೆ ಹೇಳು. ಅವಳ ಪಾಲಿನ ರೊಟ್ಟಿ ಎತ್ತಿಟ್ಟೀನಿ. ಕೇಳಿಸ್ತಾ?”

“ಹೂಂ,” ಅಂದೆ.