ಮದುವೆ ಖಾತೆಯ ಡೀಸೆಲ್

ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಆಶ್ರಯ ಕೇಂದ್ರಗಳು ಕತ್ತಲಲ್ಲಿ ಇರಕೂಡದೆಂಬ ಆದೇಶದಂತೆ 2007ರಲ್ಲಿ ಹೇರೋಹಳ್ಳಿಯ ಸಮುದಾಯ ಭವನಕ್ಕೆ ಒಂದು ಜನರೇಟರ್ ಬಂತು. ಆದೇಶದಲ್ಲಿ ಡೀಸೆಲ್‌ನ ಪ್ರಸ್ತಾಪವಿರಲಿಲ್ಲವಾದ್ದರಿಂದ ಡೀಸೆಲ್ ಬರಲಿಲ್ಲ. ಭವನವನ್ನು ಮದುವೆಗಳಿಗೆ ಬಾಡಿಗೆ ಕೊಡುವ ಖಾತೆಯಲ್ಲಿ ಡೀಸೆಲ್ ಕೊಳ್ಳಲು ಅವಕಾಶವಿತ್ತು, ಕೊಂಡರು. ಯಂತ್ರ ಸಂತ್ರಸ್ತರದು, ಡೀಸೆಲ್ ಮದುವೆಯದು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ.

ಆಷಾಢದಲ್ಲಿ ರಾಜಕಾಲುವೆ ಉಕ್ಕಿ ಗುರವ್ವನ ಮನೆಯೊಳಗೆ ಬಂತು. ಉಬ್ಬಸದ ಮೊಮ್ಮಗಳನ್ನು ಸೊಂಟಕ್ಕೇರಿಸಿ, ಆವಿ ಕೊಡುವ ಮಷಿನನ್ನು ಗಂಡ ಈರಪ್ಪನ ತಲೆಗೇರಿಸಿ, ಅವಳು ನೆರೆಯವರೊಡನೆ ಭವನ ಸೇರಿದಳು. ಕರೆಂಟ್ ಹೋಗಿತ್ತು. ಕೂಸಿನ ಎದೆ ಸಿಳ್ಳೆ ಹಾಕುತ್ತಿತ್ತು.

"ಜನರೇಟರ್ ಹಚ್ರಿ ಸಾಹೇಬ್ರ, ಕೂಸಿಗೆ ಉಸರಾಡಾಕ ಆಗವಲ್ದು."

"ಹಚ್ಚಬೋದಮ್ಮ," ಎಂದ ಭವನದ ಗುಮಾಸ್ತ ಪುರುಷೋತ್ತಮ. "ಆದ್ರೆ ಡೀಸೆಲ್ ಮದುವೆ ಖಾತೇಲಿದೆ. ಮದುವೆ ಇದ್ರೆ ಮಾತ್ರ ತೆಗೀಬೇಕು."

"ಆಷಾಢದಾಗ ಯಾರ್ ಲಗ್ನ ಮಾಡ್ಕೊಂತಾರ್ರಿ?"

"ಅದಕ್ಕೇ ಡೀಸೆಲ್ ಉಳಿದಿರೋದು."

ಗುರವ್ವ ಗಂಡನತ್ತ ತಿರುಗಿದಳು. "ಏಳ್ರಿ, ಲಗ್ನ ಐತಿ."

"ಯಾರ್ದು?"

"ನಮ್ದು."

"ಒಮ್ಮೆ ಆಗೇತಲ್ಲ, ಸಾಲದೇನು?"

"ಕೂಸಿನ ಸಲುವಾಗಿ ಇನ್ನೊಮ್ಮೆ ತಡ್ಕೊರಿ."

ಪುರುಷೋತ್ತಮ ನಿಯಮಾವಳಿ ತಿರುವಿದ. ವಧೂವರರು ಹಾಜರಿರಬೇಕೆಂದಿತ್ತು, ಅವರು ಮೊದಲೇ ಪರಸ್ಪರ ಮದುವೆಯಾಗಿರಬಾರದೆಂದು ಎಲ್ಲೂ ಇರಲಿಲ್ಲ. ಹಿಂದಿನ ಮದುವೆಯವರು ಬಿಟ್ಟುಹೋಗಿದ್ದ ಒಣಗಿದ ಹಾರವನ್ನು ಅವನೇ ಹುಡುಕಿಕೊಟ್ಟ. ಇದ್ದದ್ದು ಒಂದೇ, ಸರದಿಯ ಮೇಲೆ ಹಾಕಿಕೊಂಡರು. ಡೀಸೆಲ್ ಬಿಡುಗಡೆಯಾಯಿತು. ಅಜ್ಜ ಅಜ್ಜಿಯ ಅಕ್ಷತೆ ನೋಡುತ್ತ ಮೊಮ್ಮಗಳು ಆವಿ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಎದೆಯ ಸಿಳ್ಳೆ ನಿಂತಿತು.

"ಊಟ ಮುಗಿದ್ರೆ ಮದುವೆ ಮುಗೀತು. ಆಮೇಲೆ ಆಫ್ ಮಾಡ್ಬೇಕಾಗುತ್ತೆ," ಎಂದು ಪುರುಷೋತ್ತಮ ವಿಷಾದದಿಂದ ತಿಳಿಸಿದ.

ಪಕ್ಕದ ಮನೆಯ ನೀಲಗಂಗಮ್ಮ ಎದ್ದು ಗಂಡ ಗೂಳಪ್ಪನ ತೋಳು ಹಿಡಿದಳು. "ಫ್ಯಾನಿಗೋಸ್ಕರ ಕಣ್ರೀ, ಬೇರೇನಿಲ್ಲ." ಯುಗಾದಿಯಿಂದೀಚೆಗೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಅವರ ಹಿಂದೆ ಸಾಲು ನಿಂತಿತು. ನೀರು ಇಳಿಯುವವರೆಗೂ ಭವನದಲ್ಲಿ ಮದುವೆ ನಿಲ್ಲಲಿಲ್ಲ, ದೀಪ ಆರಲಿಲ್ಲ.

ಮೇಲಧಿಕಾರಿಗಳು ಪರಿಶೀಲಿಸಿ, ಡೀಸೆಲ್ ಬಳಕೆ ನಿಯಮಬದ್ಧವಾಗಿದೆಯೆಂದು ಮೆಚ್ಚಿದರು. ಮರುವರ್ಷ ಭವನದ ಬಾಗಿಲಿಗೆ ಪ್ರಕಟಣೆ ಬಿತ್ತು: "ಸಂತ್ರಸ್ತರು ದಂಪತಿ ಸಮೇತ ಬರತಕ್ಕದ್ದು. ಒಬ್ಬಂಟಿಗರು ಮೇಣದಬತ್ತಿ ತರತಕ್ಕದ್ದು."

ಆ ಮಳೆಗಾಲ ಮೋಡ ಕಟ್ಟುತ್ತಲೇ ಗುರವ್ವ ಈರಪ್ಪನನ್ನು ಕ್ಷೌರಕ್ಕೆ ಅಟ್ಟಿದಳು. ಅಂಗಡಿಯ ಮುಂದೆ ಬೀದಿಯ ಗಂಡಸರೆಲ್ಲ ಆಗಲೇ ಸಾಲಾಗಿ ಕೂತಿದ್ದರು.