ಕೂತರೆ ಸೀಟಿ ಊದುವ ಪಾರ್ಕು

ಉಪ್ಪಲ್ ಕಡೆಯ ನಮ್ಮ ಕಾಲೊನಿಯ ಪಾರ್ಕಿನಲ್ಲಿ ಗಿಡಗಳಿಗಿಂತ ನಿಯಮಗಳು ಬೇಗ ಬೆಳೆಯುತ್ತವೆ. ಎರಡನ್ನೂ ನೆಡುವವರು ವಾಕರ್ಸ್ ಸಂಘದವರೇ. ನೀರು ಹಾಕುವುದು ಮಾತ್ರ ನಿಯಮಗಳಿಗೆ. ಹೀಗಾಗಿ ಬೆಳಿಗ್ಗೆ ಅಲ್ಲಿಗೆ ಹೋದವರು ಯಾರೂ ಬರಿಗೈಲಿ ಮನೆಗೆ ಬರುವುದಿಲ್ಲ, ಒಂದಾದರೂ ಹೊಸ ನಿಯಮ ತರುತ್ತಾರೆ.

೧. ಬೆಂಚು

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬೆಂಚುಗಳೇ ಇಲ್ಲ. ಎಲ್ಲವನ್ನೂ ಪಂಪ್ ಶೆಡ್ಡಿನ ಹಿಂದೆ ಪೇರಿಸಿದ್ದರು. ಇದು ವಾಕಿಂಗ್ ಪಾರ್ಕು, ಕೂರುವವರಿಗೆ ಮನೆಯಲ್ಲಿ ಸೋಫಾ ಇದೆ ಎಂದು ಸಂಘದ ಅಧ್ಯಕ್ಷರು ವಿವರಿಸಿದರು. ಅವರು ದೊಡ್ಡ ಹುದ್ದೆಯಿಂದ ನಿವೃತ್ತರು. ಆದೇಶ ಹೊರಡಿಸುವ ಅಭ್ಯಾಸ ಮಾತ್ರ ಇನ್ನೂ ನಿವೃತ್ತವಾಗಿಲ್ಲ.

ನನ್ನ ಹೆಂಡತಿಗೆ ಮೊಣಕಾಲು ನೋವು. ನಡೆದರೆ ಕಾಲು ಉಳಿಯುತ್ತದೆ, ಇಲ್ಲದಿದ್ದರೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ. ಆಕೆ ಒಂದು ಸುತ್ತು ನಡೆದು, ಸ್ವಲ್ಪ ಕೂತು, ಇನ್ನೊಂದು ಸುತ್ತು ನಡೆಯುತ್ತಾಳೆ. ಬೆಂಚಿಲ್ಲದಿದ್ದರೆ ಎರಡನೆಯ ಸುತ್ತಿಲ್ಲ. ಅಲ್ಲದೆ ಬೀದರಿನವರೊಬ್ಬರು, ರಾಯಚೂರಿನವರೊಬ್ಬರು ಆಕೆಯ ಜೊತೆಗಾರ್ತಿಯರು. ಈ ತೆಲುಗು ಊರಿನಲ್ಲಿ ತರಕಾರಿಯವನ ಹತ್ತಿರ ತೆಲುಗು, ಆಟೋದವನ ಹತ್ತಿರ ಹಿಂದಿ ಎಂದು ದಿನವಿಡೀ ಸಾಗಿಸುವ ಈ ಮೂವರು ಬಾಯ್ತುಂಬ ಕನ್ನಡ ಆಡುತ್ತಿದ್ದದ್ದು ಆ ಬೆಂಚಿನ ಮೇಲೇ.

ನಮ್ಮ ಟೆರೇಸಿನ ಮೇಲೆ ನಡೆಯಬಹುದಲ್ಲ ಎಂದೆ.

“ಟೆರೇಸ್ ಮ್ಯಾಲ ನೀವು ನಡೀರಿ. ನಾ ಪಾರ್ಕಿಗೇ ಹೋಗಾಕಿ.”

ಆ ಸಂಜೆ ನಾನು ಟೆರೇಸಿನ ಮೇಲೆ ನಡೆದೆ.

೨. ಸ್ಟೂಲು

ಮರುವಾರ ಆಕೆ ಬೇಗಂ ಬಜಾರಿನಿಂದ ಮಡಚುವ ಸ್ಟೂಲು ತಂದಳು. ಅದನ್ನು ಹೊರುವ ಹುದ್ದೆಗೆ ನನ್ನ ನೇಮಕವಾಯಿತು. ಅಷ್ಟರಲ್ಲಿ ಸಂಘದವರು ವಾಚ್‌ಮನ್‌ಗೆ ಸೀಟಿ ಕೊಟ್ಟು, ಯಾರು ಕೂತರೂ ಊದಬೇಕೆಂದು ಹೇಳಿದ್ದರು. ಅವನು ಯಾದಗಿರಿ ಕಡೆಯವನು, ಮರ್ಯಾದಸ್ಥ. ಊದುವ ಮೊದಲು ಹತ್ತಿರ ಬಂದು ವಿನಂತಿಸಿಕೊಂಡ.

“ಅಕ್ಕಾರ, ಕುಂಡ್ರಬ್ಯಾಡ್ರಿ. ಸಾಹೇಬ್ರು ನನಗ ಬೈತಾರ.”

“ಊದೂದು ನಿನ್ನ ಕೆಲಸ, ಊದಪ್ಪಾ. ಕುಂಡ್ರೂದು ನನ್ನ ಕೆಲಸ.”

ಅವನು ಊದಿದ, ಈಕೆ ಕೂತಳು. ಎದ್ದಳು, ನಡೆದಳು, ಮತ್ತೆ ಕೂತಳು, ಅವನು ಮತ್ತೆ ಊದಿದ. ಇಬ್ಬರೂ ನಿಷ್ಠಾವಂತರು. ಕೊನೆಗೆ ಅವನಿಗೇ ಏದುಸಿರು ಬಂತು. ಅದನ್ನು ನೋಡಿ ನನ್ನ ಹೆಂಡತಿ ಅವನನ್ನು ಬಲವಂತದಿಂದ ಸ್ಟೂಲಿನ ಮೇಲೆ ಕೂರಿಸಿ, ತನ್ನ ಮುಂದಿನ ಸುತ್ತಿಗೆ ಹೊರಟಳು.

ಅದೇ ಹೊತ್ತಿಗೆ ಅಧ್ಯಕ್ಷರು ತಿರುವಿನಲ್ಲಿ ಕಾಣಿಸಿಕೊಂಡರು. ವಾಚ್‌ಮನ್ ಗಾಬರಿಯಾಗಿ, ಕೂತಲ್ಲೇ ಜೋರಾಗಿ ಸೀಟಿ ಊದಿದ. ಆಗ ಇಡೀ ಪಾರ್ಕಿನಲ್ಲಿ ಕೂತಿದ್ದವನು ಅವನೊಬ್ಬನೇ.

೩. ಬೋರ್ಡು

ಮುಂದಿನ ವಾರ ಬೋರ್ಡು ಬಂತು: ಸ್ಟೂಲು, ಕುರ್ಚಿ, ಚಾಪೆ ನಿಷಿದ್ಧ. ಚಾಪೆ ಎಂದ ಕೂಡಲೇ ಪಾರ್ಕಿನ ಕಟ್ಟೆಯ ಮೇಲೆ ಚಾಪೆ ಹಾಸುವ ಯೋಗದ ಗುಂಪಿನವರು ಎದ್ದು ನಿಂತರು. ಅವರ ಸಂಖ್ಯೆ ದೊಡ್ಡದು, ಸಂಘದ ಚುನಾವಣೆ ಹತ್ತಿರವಿತ್ತು. ಯೋಗಕ್ಕಾಗಿ ಕಟ್ಟೆಯ ಮೇಲೆ ಕೂರುವುದು ಕೂರುವುದಲ್ಲ ಎಂದು ಅಧ್ಯಕ್ಷರು ತಿದ್ದುಪಡಿ ತಂದರು.

ಮರುದಿನ ನಮ್ಮ ಮೂವರು ಹೆಂಗಸರು ಯೋಗದ ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿದ್ದರು. ಇದು ಯಾವ ಆಸನ ಎಂದು ಅಧ್ಯಕ್ಷರು ಹಿಂದಿಯಲ್ಲಿ ವಿಚಾರಿಸಿದರು. ಉಸಿರು ಬಿಡುತ್ತಿದ್ದೇವೆ, ನಡುವೆ ಮಾತಾಡಿಸಿದರೆ ಮೊದಲಿನಿಂದ ಬಿಡಬೇಕಾಗುತ್ತದೆ ಎಂದು ನನ್ನ ಹೆಂಡತಿ ಹಿಂದಿಯಲ್ಲೇ, ಕಣ್ಣು ತೆರೆಯದೆ ಹೇಳಿದಳು.

ಅವರು ಹೆಜ್ಜೆ ಸಪ್ಪಳವಾಗದಂತೆ ಹಿಂದೆ ಸರಿದರು. ಬೀದರಿನವರು ಕಣ್ಣು ಮುಚ್ಚಿಕೊಂಡೇ ಕೇಳಿದರು: “ಹೋದ್ರೇನ? ಹಾಂ, ನಮ್ಮ ಸೊಸಿ ಸುದ್ದಿ ಎಲ್ಲೀತನಕ ಬಂದಿತ್ತು?”

೪. ಉದ್ಘಾಟನೆ

ಬೆಂಚು ತೆಗೆಸಿದ್ದರ ಹಿಂದಿನ ಆಸೆ ಆಮೇಲೆ ತಿಳಿಯಿತು. ರಿಪೇರಿಯಾದ ಟ್ರ್ಯಾಕನ್ನು ಒಬ್ಬ ನಾಯಕರಿಂದ ಉದ್ಘಾಟಿಸಬೇಕಿತ್ತು. ಫೋಟೊದಲ್ಲಿ ಊರೆಲ್ಲ ನಡೆಯುತ್ತಿರಬೇಕಿತ್ತು. ನಿಯಮಕ್ಕೆ ಗೌರವ ಕೊಟ್ಟು ಅಧ್ಯಕ್ಷರು ಸಮಾರಂಭಕ್ಕೂ ಕುರ್ಚಿ ತರಿಸಿರಲಿಲ್ಲ.

ನಾಯಕರು ಬಂದಾಗ ಬಿಸಿಲು ಏರಿತ್ತು. ಭಾರೀ ಶರೀರ. ರಿಬ್ಬನ್ನಿಗೆ ಮೊದಲು ಒಂದು ಸುತ್ತು ನಡೆಯಿರಿ ಎಂದು ಅಧ್ಯಕ್ಷರು ಒತ್ತಾಯಿಸಿದರು. ಅರ್ಧ ಸುತ್ತಿಗೇ ನಾಯಕರು ಬೇವಿನ ಮರವನ್ನು ಹಿಡಿದುಕೊಂಡು, ಎಲ್ಲಾದರೂ ಕೂರಬೇಕು ಎಂದರು. ಅದೇ ಮರದ ಕೆಳಗೆ ನನ್ನ ಹೆಂಡತಿ, ಬೋರ್ಡಿನ ಪಕ್ಕದಲ್ಲೇ, ಸ್ಟೂಲಿನ ಮೇಲೆ ಕೂತಿದ್ದಳು.

ಎದ್ದು ಸರ್‌ಗೆ ಜಾಗ ಕೊಡಿ ಎಂದು ಅಧ್ಯಕ್ಷರು ಕೈಮುಗಿದರು. ಆಕೆ ಬೋರ್ಡಿನ ಕಡೆ ಕೈ ತೋರಿಸಿ, ಇಲ್ಲಿ ಸ್ಟೂಲಿನ ಮೇಲೆ ಕೂರುವಂತಿಲ್ಲ, ಸರ್ ಮೇಲೆ ಯಾಕೆ ತಪ್ಪು ಹೊರಿಸುತ್ತೀರಿ ಎಂದಳು. ನಾಯಕರು ಬೆವರು ಒರೆಸಿಕೊಂಡು ಬೋರ್ಡು ಓದಿದರು. ಇದನ್ನು ಬರೆಸಿದವರು ಯಾರು ಎಂದು ಕೇಳಿದರು. ಅಧ್ಯಕ್ಷರು ಬೇವಿನ ಮರವನ್ನು ನೋಡಿದರು.

ನಾನು ಮೆಲ್ಲಗೆ, ಹೋಗಲಿ ಏಳು ಎಂದೆ.

“ಬೆಂಚ್ ಬರಲಿ, ಏಳ್ತೀನಿ. ಅಲ್ಲೀತನಕ ಯಾರ್ ಬಂದ್ರೂ ಏಳಂಗಿಲ್ಲ.”

ಬೆಂಚು ಬಂತು. ಒಂದು ತುದಿಯನ್ನು ಹಿಡಿದಿದ್ದವರು ಸ್ವತಃ ಅಧ್ಯಕ್ಷರು. ಮಾತಿನಂತೆ ಆಕೆ ಎದ್ದಳು, ಎದ್ದವಳು ಬೆಂಚಿನ ಮೇಲೆ ಕೂತಳು. ಇನ್ನೊಂದು ತುದಿಯಲ್ಲಿ ನಾಯಕರು ಕೂತು ನೀರು ಕುಡಿದರು. ಇನ್ನು ಒಂದು ಹೆಜ್ಜೆಯನ್ನೂ ಇಡಲಾರೆ, ರಿಬ್ಬನ್ನನ್ನು ಇಲ್ಲಿಗೇ ತನ್ನಿ ಎಂದರು. ಬೆಂಚಿಗೇ ರಿಬ್ಬನ್ ಕಟ್ಟುತ್ತೇವೆ, ಸ್ವಲ್ಪ ಏಳಿ ಎಂದು ಅಧ್ಯಕ್ಷರು ಮತ್ತೆ ಕೈಮುಗಿದರು. ನಾಯಕರು ಎದ್ದರು. ಈಕೆ ಏಳಲಿಲ್ಲ. ಕಟ್ಟುವವರು ಬೇರೆ ದಾರಿಯಿಲ್ಲದೆ ಆಕೆಯನ್ನೂ ಸೇರಿಸಿಯೇ ಬೆಂಚಿಗೆ ರಿಬ್ಬನ್ ಬಿಗಿದರು. ನಾಯಕರು ಕತ್ತರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಕಾಲೊನಿಯ ವಾಟ್ಸಾಪಿಗೆ ಬಂದ ಫೋಟೊದಲ್ಲಿ ಬೆಂಚು ಕಾಣುವುದಿಲ್ಲ. ನಾಯಕರ ಕೈಯಲ್ಲಿ ಕತ್ತರಿ, ಪಕ್ಕದಲ್ಲಿ ಅಧ್ಯಕ್ಷರ ಬಾಡಿದ ನಗು, ನಡುವೆ ರಿಬ್ಬನ್ನಿನ ಒಳಗೆ ನನ್ನ ಹೆಂಡತಿ. ಸಂಘದವರು ಬೆಂಚನ್ನು ಮತ್ತೆ ಎತ್ತಿಸಿದರೆ ಏನು ಮಾಡುತ್ತೀ ಎಂದು ಕೇಳಿದೆ. ಆಕೆ ಫೋಟೊವನ್ನು ದೊಡ್ಡದು ಮಾಡಿ ನೋಡುತ್ತಿದ್ದಳು.

“ಬೆಂಚಿನ ಮಾತು ಬಿಡ್ರಿ. ಉದ್ಘಾಟನಾ ಆಗಿದ್ದು ನಂದು. ಇನ್ನ ನನ್ನ ಯಾರು ಎಬ್ಬಸ್ತಾರ, ನೋಡೂಣು.”